ನೀಲಿ ಗಂಜಿ ಮತ್ತು ಬಸವಂತಮ್ಮನ ಮೂಗು

ಮಾನ್ವಿಯ ಬಸವಂತಮ್ಮ ಅಡುಗೆಗೆ ನಿಂತರೆ ಸೌಟಿನ ತುದಿಯನ್ನೂ ನಾಲಿಗೆಗೆ ತಾಗಿಸುವವಳಲ್ಲ. ನಾನೂರು ಎಲೆಯ ಮದುವೆ ಇರಲಿ, ನಾಲ್ಕು ಜನರ ತೊಟ್ಟಿಲ ಊಟ ಇರಲಿ, ಅವಳ ಪದ್ಧತಿ ಒಂದೇ. ಪಾತ್ರೆಯ ಮುಚ್ಚಳವನ್ನು ಚೂರು ಸರಿಸಿ, ಎರಡು ಸಲ ಉಸಿರೆಳೆದುಕೊಂಡು, "ಉಪ್ಪು ಅರ್ಧ ಮುಷ್ಟಿ ಕಮ್ಮಿ ಅದ" ಎಂದುಬಿಡುವಳು. ಉಪ್ಪಿಗೆಲ್ಲಿಯ ವಾಸನೆ ಎಂದು ನನ್ನನ್ನು ಕೇಳಬೇಡಿ. ಅವಳ ಮೂಗಿಗೆ ಅದು ಸಿಗುತ್ತಿತ್ತು, ಅಷ್ಟೇ. ಹಾಕಿ ನೋಡಿದವರಿಗೆ ಅರ್ಧ ಮುಷ್ಟಿಯೇ ಸರಿಹೋಗುತ್ತಿತ್ತು.

ಕಲ್ಲೂರಿನಲ್ಲಿ ಹುಟ್ಟಿ, ಹದಿನೆಂಟಕ್ಕೆ ಮಾನ್ವಿಗೆ ಸೊಸೆಯಾಗಿ ಬಂದವಳು. ದೇವರಿಗೆ ಎಡೆ ಆಗುವ ಮೊದಲು ಅಡುಗೆ ಯಾರ ಬಾಯಿಗೂ ಸೋಕಬಾರದು ಎಂಬುದು ಅತ್ತೆ ಕಲಿಸಿದ ಮೊದಲ ಪಾಠ. "ಮೂಸಿದರ ನಡೀತದೇನ್ರಿ ಅತ್ತಿ?" ಎಂದು ಇವಳು ಕೇಳಿದ್ದಕ್ಕೆ, "ವಾಸನಿ ತಾನ ಬರತದ, ನೀ ಹೋಗಿ ತರೂದಿಲ್ಲಲ್ಲ" ಎಂದಿದ್ದಳಂತೆ ಆ ಮುದುಕಿ. ಗಂಡ ತೀರಿಕೊಂಡ ಮೇಲೆ ಈ ಮೂಗೇ ಬಸವಂತಮ್ಮನ ಸಂಸಾರ ನಡೆಸಿತು. ಮಾನ್ವಿ ಸೀಮೆಯ ಲಿಂಗವಂತರ ಮನೆಗಳಲ್ಲಿ ದೊಡ್ಡ ಊಟವೆಂದರೆ ಮೊದಲು ಬಸವಂತಮ್ಮನ ತಾರೀಖು ಕೇಳುವರು, ಆಮೇಲೆ ಸ್ವಾಮಿಗಳದ್ದು. ಸ್ವಾಮಿಗಳಿಗೆ ಇದು ಗೊತ್ತಿತ್ತು, ಬೇಸರವಿರಲಿಲ್ಲ. ಅವರೂ ಉಣ್ಣುವವರೇ ತಾನೇ!

ಅಂಥ ಮೂಗು ನಾಲ್ಕು ವರ್ಷದ ಹಿಂದೆ ಸತ್ತುಹೋಯಿತು. ಊರಿಗೆ ಊರೇ ಮಲಗಿದ ಆ ಸುಡುಗಾಡು ಜ್ವರ ಇವಳಿಗೂ ಬಂತು. ಹನ್ನೆರಡು ದಿನಕ್ಕೆ ಮೈ ಸರಿಹೋಯಿತು, ವಾಸನೆ ಮಾತ್ರ ಬರಲಿಲ್ಲ. ಇಂಗಿನ ಡಬ್ಬಿಗೆ ಮೂಗು ತುರುಕಿದರೂ ಇಲ್ಲ. ಡಾಕ್ಟರು, ಮೂಗಿಗೆ ಅಭ್ಯಾಸ ಮಾಡಿಸಮ್ಮಾ, ದಿನಾ ಲವಂಗ, ನಿಂಬೆಹಣ್ಣು ಮೂಸು ಎಂದರು. ಬಾಗಿಲು ಹಾಕಿಕೊಂಡು ನಾಲ್ಕು ತಿಂಗಳು ಮೂಸಿದಳು. ಕಲ್ಲು ಮೂಸಿದ ಹಾಗೆ. ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವಳು? ಕಣ್ಣಳತೆ, ಕೈಯಳತೆ, ಸಾಸಿವೆ ಸಿಡಿಯುವ ಸದ್ದು, ಇಷ್ಟರ ಮೇಲೆ ಅಡುಗೆ ಸಾಗಿಸಿದಳು. ಕೆಲವು ತಿಂಗಳು ಸಾಗಿತು ಕೂಡ, ಹತ್ತಿರದ ಹಳ್ಳಿ ಹಿರೇಕೊಟ್ನೆಕಲ್‌ನ ಊಟದ ತನಕ.

ಅದು ಮಾನ್ವಿಯಲ್ಲಿ ಅಕ್ಕಿ ಮಿಲ್ಲು ನಡೆಸುವ ಗಡಿಗೆಪ್ಪ ಸಾಹುಕಾರರು ತಮ್ಮ ತಾಯಿಯ ಹೆಸರಿನಲ್ಲಿ ಹಾಕಿಸಿದ ಊಟ. ಹಂಡೆಯಷ್ಟು ದೊಡ್ಡ ಪಾತ್ರೆಯಲ್ಲಿ ಬೇಳೆ ಕುದಿಯುತ್ತಿತ್ತು. ಎಡೆ ಆಯಿತು, ನಾನೂರು ಮಂದಿ ಉಂಡರು, ಯಾರೂ ಏನೂ ಅನ್ನಲಿಲ್ಲ. ಪ್ರಸಾದವನ್ನು ಎಲೆಯಲ್ಲಿ ಬಿಡುವ ಪದ್ಧತಿ ಅವರಲ್ಲಿಲ್ಲ, ಹಾಗಾಗಿ ಎಲೆಗಳೆಲ್ಲ ಖಾಲಿ. ಮಧ್ಯಾಹ್ನ ಪಾತ್ರೆ ತಿಕ್ಕಲು ಬೋರಲು ಹಾಕಿದಾಗ ಬಸವಂತಮ್ಮನಿಗೆ ಕಂಡಿತು. ತಳದಲ್ಲಿ ಎರಡು ಬೆರಳು ದಪ್ಪ ಕರಿ. ಬೇಳೆ ಸೀದು ಇದ್ದಲಾಗಿತ್ತು. ಪಕ್ಕದಲ್ಲೇ ನಿಂತವಳಿಗೆ ಗೊತ್ತಾಗಿರಲಿಲ್ಲ. ಉಂಡವರಿಗೆ ಗೊತ್ತಾಯಿತೋ ಇಲ್ಲವೋ ಎಂದು ಆ ಖಾಲಿ ಎಲೆ ನೋಡಿ ತಿಳಿಯುವುದು ಹೇಗೆ? ಅವತ್ತಿನಿಂದ ಯಾರು ತಾರೀಖು ಕೇಳಲು ಬಂದರೂ, "ಮೊಣಕಾಲು ಭಾಳ ನೋಯ್ತಾವ್ರಿ, ಇನ್ನ ನನ್ನ ಕೈಲಿ ಆಗಂಗಿಲ್ಲ" ಎಂದು ಕೈ ಮುಗಿದಳು. ಮೊಣಕಾಲು ಗಟ್ಟಿಮುಟ್ಟಾಗಿದ್ದವು. ಒಳಗೆ ಮುರಿದದ್ದು ಬೇರೆ.

ಮೊಣಕಾಲಿನ ಔಷಧಿ ಎಂಬ ಸುಳ್ಳು ಹೊತ್ತುಕೊಂಡೇ ಅವಳು ರಾಯಚೂರಿಗೆ ಬಂದಳು. ತಂಗಿಯ ಮಗಳು ಸ್ವಪ್ನಾ ಅಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು, ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ. ಇಪ್ಪತ್ತೈದರ ಹುಡುಗಿ, ಮದುವೆಯ ಮಾತೆತ್ತಿದರೆ ಫೋನು ಕಿವಿಗಿಡುವಳು. ಅವಳಿಗೊಂದು ಹುಚ್ಚು. ಟಿವಿಗೆ ವಿಡಿಯೊ ಗೇಮಿನ ಪೆಟ್ಟಿಗೆ ಜೋಡಿಸಿ ಒಂದು ಆಟ ಆಡುವಳು. ಅದರಲ್ಲಿ ಕಂದೀಲು ಹಿಡಿದ ಹುಡುಗಿಯೊಬ್ಬಳು ಹಿಮದ ಕಣಿವೆಯಲ್ಲಿ ನಡೆಯುತ್ತಾಳೆ. ದಣಿದಂತೆಲ್ಲ ಕಂದೀಲು ಸಣ್ಣದಾಗುತ್ತದೆ. ಗುಡಿಸಲು ಸಿಕ್ಕಲ್ಲಿ ಒಲೆ ಹಚ್ಚಿ, ಚೀಲದಲ್ಲಿದ್ದದ್ದನ್ನು ಗಡಿಗೆಗೆ ಹಾಕಿ ಬೇಯಿಸಿ ತಿಂದರೆ ಕಂದೀಲು ಮತ್ತೆ ದೊಡ್ಡದಾಗುತ್ತದೆ. ಆ ಆಟದೊಳಗಿನ ಅಡುಗೆಗಳನ್ನು ನಿಜವಾದ ಒಲೆಯ ಮೇಲೆ ಮಾಡಿ, ವಿಡಿಯೊ ತೆಗೆದು ಹಾಕಬೇಕೆಂದು ಸ್ವಪ್ನಾಳ ಆಸೆ. ಪಕ್ಕದ ಮನೆಯ ಅಲ್ಮಾಸ್ ಅವಳ ಜೋಡಿ. ಸ್ವಪ್ನಾ ಫೋನು ಹಿಡಿಯುವುದು, ಅಲ್ಮಾಸ್ ತಿಂದು ಮಾತಾಡುವುದು. ಕೊರತೆ ಇದ್ದದ್ದು ಒಂದೇ, ಇಬ್ಬರಿಗೂ ಅಡುಗೆ ಬರುತ್ತಿರಲಿಲ್ಲ.

ಮೊದಲ ಭಾನುವಾರ ಬಸವಂತಮ್ಮ ಸೊಂಟದ ಮೇಲೆ ಕೈಯಿಟ್ಟು ಟಿವಿ ನೋಡಿದಳು. ಕಂದೀಲಿನ ಹುಡುಗಿ ನಾಲ್ಕು ಸಾಮಾನು ಗಡಿಗೆಗೆ ಎಸೆದಳು, ಎರಡು ಗಳಿಗೆ ಪೀಪಿ ಊದಿದ ಸದ್ದಾಯಿತು, ನೀಲಿ ಬಣ್ಣದ ಗಂಜಿ ತಯಾರು.

"ಏನಬೇ ಇದು! ಅಕ್ಕಿ ತೊಳೀಲಿಲ್ಲ, ನೀರು ಅಳೀಲಿಲ್ಲ, ಸೌಟು ಆಡಿಸಲಿಲ್ಲ. ಇಂಥ ಸೊಸಿ ನಮ್ಮನ್ಯಾಗ ಬಂದಿದ್ದರ ನಮ್ಮತ್ತಿ ಎರಡ ದಿನಕ್ಕ ತವರಿಗೆ ಕಳಸ್ತಿದ್ದಳು."

"ದೊಡ್ಡವ್ವ, ಅದು ಆಟ!"

"ಆಟ ಆದರೇನು, ಹೊಟ್ಟಿ ಹೊಟ್ಟಿ ಅಲ್ಲೇನು? ಇನ್ನೊಮ್ಮಿ ಹಚ್ಚು, ಸದ್ದು ಕೇಳಬೇಕು."

ಕಣ್ಣು ಮುಚ್ಚಿ ಕೇಳಿದಳು. ಗಡಿಗೆಯಲ್ಲಿ ಏನೋ ಸಣ್ಣಗೆ ಸುಯ್ಯೆಂದಿತು. "ಎಣ್ಣಿ ಅಲ್ಲ ಅದು, ತುಪ್ಪ. ಎಣ್ಣಿ ಚಟಪಟ ಅಂತದ, ತುಪ್ಪ ಗುಸುಗುಸು ಅಂತದ" ಎಂದಳು. ಹುಡುಗಿಯರಿಬ್ಬರೂ ಮುಖ ಮುಖ ನೋಡಿಕೊಂಡರು. ಬಸವಂತಮ್ಮನ ಎದೆಯೊಳಗೆ ಆಗ ಏನಾಯಿತು ಎಂದು ಹೇಳಿಬಿಡುತ್ತೇನೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳಿಗೆ ಹಗುರೆನಿಸಿತು. ಈ ಟಿವಿಯ ಅಡುಗೆಗೆ ವಾಸನೆಯೇ ಇಲ್ಲ. ಬಣ್ಣ ಇದೆ, ಸದ್ದು ಇದೆ, ಅಷ್ಟೇ. ಇದರ ರುಚಿ ಉಂಡು ಬಲ್ಲವರು ಭೂಮಿಯ ಮೇಲೆ ಯಾರೂ ಇಲ್ಲ. ಅಂದ ಮೇಲೆ, ಕೆಟ್ಟಿದೆ ಅನ್ನುವವರಾದರೂ ಯಾರು?

ಹೀಗೆ ಶುರುವಾಯಿತು. ಆಟದಲ್ಲಿ 'ಕಲ್ಲುರೊಟ್ಟಿ' ಎಂದು ಬಂದದ್ದು ನೋಡಿ ಬಸವಂತಮ್ಮ ನಕ್ಕು ನಕ್ಕು ಸಾಕಾದಳು. "ನಮ್ಮ ಕಡಕ್ ಸಜ್ಜಿ ರೊಟ್ಟಿ ಇದು, ಕದ್ದಾರ ಇವರು!" ಕಾಡುಹಂದಿಯ ತೊಡೆ ಬಂದಾಗ ಅವಳ ಒಲೆಯ ಮೇಲೆ ಅದು ಏರುವ ಮಾತೇ ಇರಲಿಲ್ಲ. ಸುವರ್ಣಗಡ್ಡೆಯನ್ನು ತೊಡೆಯ ಆಕಾರಕ್ಕೆ ಕೆತ್ತಿ, ಎಲುಬಿನ ಜಾಗದಲ್ಲಿ ಕಬ್ಬಿನ ತುಂಡು ಸಿಗಿಸಿ ಹುರಿದಳು. ಅಲ್ಮಾಸ್ ಗಡ್ಡೆ ತಿಂದು ಕಬ್ಬು ಜಗಿದಳು. ನೀಲಿ ಗಂಜಿಗೆ ಸ್ವಪ್ನಾ ಅಂಗಡಿಯ ಬಣ್ಣದ ಬಾಟಲಿ ತಂದಿದ್ದಳು. "ಬಾಟ್ಲಿ ಬಣ್ಣ ನನ್ನ ಪಾತ್ರಿಗೆ ಹಾಕಂಗಿಲ್ಲ" ಎಂದು ಅದನ್ನು ಕಿಟಕಿಯ ಮೇಲಿಟ್ಟು, ಕಾಂಪೌಂಡಿನ ಬಳ್ಳಿಯಿಂದ ಶಂಖಪುಷ್ಪ ಬಿಡಿಸಿ ತಂದು ಬಿಸಿನೀರಿಗೆ ಹಾಕಿದಳು. ನೀರು ನೀಲಿಯಾಯಿತು. ಆಟದಲ್ಲಿ ಹುಳಿಹಣ್ಣೂ ಇತ್ತಲ್ಲ ಎಂದು ನಿಂಬೆ ಹಿಂಡಿದರೆ ಗಂಜಿ ನೇರಳೆ ಬಣ್ಣಕ್ಕೆ ತಿರುಗಿ, ಸ್ವಪ್ನಾ ಕಿಟಾರನೆ ಕಿರುಚಿದಳು. ಎರಡನೇ ಸಲ ನಿಂಬೆ ಬಿಟ್ಟು, ಸೋನಾ ಮಸೂರಿ ನುಚ್ಚು, ತುಪ್ಪ, ಮೆಣಸು ಹಾಕಿ ಮಾಡಿದಳು. ಅದು ಟಿವಿಯ ಗಂಜಿಗಿಂತ ಚೆಂದ ಕಂಡಿತು.

ಆದರೆ ಪ್ರತಿ ಸಲವೂ ಮೊದಲು ಗೂಡಿನ ದೇವರಿಗೆ ಎಡೆ. ಅಲ್ಮಾಸ್ ಚಮಚ ಹಿಡಿದು ಕಾಯುತ್ತ ಕೂರುವಳು. "ದೊಡ್ಡವ್ವ, ಹಂದಿ ತೊಡಿನೂ ದೇವರಿಗೇನು?" ಎಂದು ಕೆಣಕುವಳು. "ಗಡ್ಡಿ ಅಂತ ದೇವರಿಗೆ ಗೊತ್ತದ ಸುಮ್ನಿರು" ಎಂದು ಬಸವಂತಮ್ಮ ಗದರುವಳು. ಮೂರು ತಿಂಗಳಲ್ಲಿ ದೊಡ್ಡವ್ವನನ್ನು ನೋಡಲೆಂದೇ ಆ ವಿಡಿಯೊಗಳಿಗೆ ಸಾವಿರಾರು ಜನ ಬಂದರು. ರುಚಿ ನೋಡದೆ ಹೇಗೆ ಮಾಡುತ್ತೀರಿ ಎಂದು ಕೇಳಿದವರಿಗೆ ಸ್ವಪ್ನಾ ಹೆಮ್ಮೆಯಿಂದ, ನಮ್ಮ ದೊಡ್ಡವ್ವನ ಮೂಗು ಅಂಥದ್ದು ಎಂದು ಬರೆದಳು. ಅದನ್ನು ಓದಿ ಹೇಳಿದಾಗ ಬಸವಂತಮ್ಮ ಎದ್ದು ಒಳಗೆ ಹೋದಳು.

ಗುಟ್ಟು ಬಯಲಾದದ್ದು ಒಂದು ಬುಧವಾರ. ಸ್ವಪ್ನಾ ಲ್ಯಾಬಿಗೆ ಹೋಗಿದ್ದಳು. ಒಲೆಯ ಮೇಲಿನ ಹಾಲು ಉಕ್ಕಿ ಉರಿ ಆರಿಸಿತ್ತು, ಗ್ಯಾಸು ಸುಮ್ಮನೆ ಹರಿಯುತ್ತಿತ್ತು. ಒಲೆಗೆ ಬೆನ್ನು ಹಾಕಿ ಕೂತ ಬಸವಂತಮ್ಮ ಹೂ ಬಿಡಿಸಿ ಮುಗಿಸಿ, ದೇವರಿಗೆ ಊದಿನಕಡ್ಡಿ ಹಚ್ಚೋಣವೆಂದು ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡಿದ್ದಳು. ಅಲ್ಮಾಸ್ ಬಾಗಿಲಲ್ಲಿ ಕಾಲಿಟ್ಟವಳೇ "ಯಾ ಅಲ್ಲಾ!" ಎಂದು ಕೂಗಿ, ಹಾರಿ ಬಂದು ಪೆಟ್ಟಿಗೆ ಕಸಿದುಕೊಂಡು, ರೆಗ್ಯುಲೇಟರ್ ತಿರುಗಿಸಿ ಕಿಟಕಿ ಬಾಗಿಲು ತೆರೆದಳು. ಆಮೇಲೆ ಇಬ್ಬರೂ ಅಂಗಳಕ್ಕೆ ಬಂದು ಕೂತರು.

"ಇಷ್ಟು ವಾಸನಿ, ಓಣಿತನಕ ಬರಾಕತ್ತದ! ನಿಮಗ ಬರಲಿಲ್ಲೇನು?"

ಬಸವಂತಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಸುಳ್ಳು ಹೇಳಲು ನೋಡಿದಳು, ಬರಲಿಲ್ಲ. "ನಾಕು ವರ್ಷ ಆತು ಯವ್ವಾ. ಏನೂ ಬರಂಗಿಲ್ಲ. ಸತ್ತದ ಅದು." ಜ್ವರ, ಲವಂಗ, ಹಿರೇಕೊಟ್ನೆಕಲ್‌ನ ಬೇಳೆ ಎಲ್ಲವನ್ನೂ ಹೇಳಿ ಅತ್ತಳು. ಅತ್ತು ಮುಗಿದ ಮೇಲೆ ಅಲ್ಮಾಸಳ ಕೈ ಹಿಡಿದು, "ಸ್ವಪ್ನಾಗ ಹೇಳಬ್ಯಾಡ. ಮಾನ್ವಿತನಕ ಸುದ್ದಿ ಹೋದರ ನಾ ಇದ್ದೂ ಸತ್ತಂಗ" ಎಂದು ಆಣೆ ಹಾಕಿಸಿಕೊಂಡಳು.

ಇದಾಗಿ ಹದಿನೈದು ದಿನಕ್ಕೆ, ಯಾರು ಬರಬಾರದು ಎಂದುಕೊಂಡಿದ್ದಳೋ ಅವರೇ ಬಂದರು. ಗಡಿಗೆಪ್ಪ ಸಾಹುಕಾರರು! ದೇವದುರ್ಗದಲ್ಲಿ ಮಗನಿಗೆ ಹೊಸ ಮನೆ ಕಟ್ಟಿಸಿದ್ದರು, ಗೃಹಪ್ರವೇಶ ಹತ್ತಿರದಲ್ಲಿತ್ತು. ಜೊತೆಗೆ ಸೊಸೆ ಉಮಾಶ್ರೀ. ಅವಳೂ ಅದೇ ಕಂದೀಲಿನ ಆಟ ಆಡುವವಳಂತೆ. ವಿಡಿಯೊ ನೋಡಿ ಮಾವನ ಬೆನ್ನು ಹತ್ತಿದ್ದಳು, ಹೊಸ ಮನೆಯ ಮೊದಲ ಎಡೆಗೆ ನೀಲಿ ಗಂಜಿಯೇ ಆಗಬೇಕೆಂದು.

"ಗಂಜಿ ಬ್ಯಾಡ್ರಿ ಅಕ್ಕಾರ, ಮಂದಿ ನಗತಾರ" ಎಂದರು ಗಡಿಗೆಪ್ಪ. "ಅದನ್ನ ಪಾಯಸ ಮಾಡಿಬಿಡ್ರಿ. ನೀಲಿನೇ ಇರಲಿ, ನಮ್ಮ ಸೊಸಿ ಹಟ. ಉಳಿದ ಅಡಗಿಗೆ ಬ್ಯಾರೆ ಮಂದಿ ಅದಾರ. ಇದೊಂದಕ್ಕ ನೀವು ಬರಬೇಕು. ಇಲ್ಲ ಅನಬ್ಯಾಡ್ರಿ."

ಬಸವಂತಮ್ಮ ಅವರ ಮುಖವನ್ನೇ ನೋಡಿದಳು. ಬೇಳೆಯ ವಿಷಯ ಇವರಿಗೆ ಗೊತ್ತೇ, ಇಲ್ಲವೇ? ಮುಖ ಏನೂ ಹೇಳಲಿಲ್ಲ. ಮೊಣಕಾಲಿನ ಮಾತು ತೆಗೆಯಬೇಕೆಂದುಕೊಂಡಳು. ಆದರೆ ವಿಡಿಯೊದಲ್ಲಿ ಅವಳು ಕುಕ್ಕರುಗಾಲಲ್ಲಿ ಕೂತು ಏಳುವುದನ್ನು ಜಗತ್ತೇ ನೋಡಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಆಸೆಯಾಯಿತು. ಮತ್ತೊಮ್ಮೆ ದೊಡ್ಡ ಪಾತ್ರೆಯ ಮುಂದೆ ನಿಲ್ಲುವ ಆಸೆ. ಆಟದ ಪಾಯಸ ತಾನೆ, ಸರಿ ತಪ್ಪು ಯಾರಿಗೆ ಗೊತ್ತಾಗುತ್ತದೆ? "ಹೂಂ" ಎಂದುಬಿಟ್ಟಳು.

ಅವರು ಹೋದ ಮೇಲೆ ಅಲ್ಮಾಸಳನ್ನು ಹಿತ್ತಲಿಗೆ ಕರೆದು ಒಪ್ಪಂದ ಮಾಡಿಕೊಂಡಳು. ಅಲ್ಮಾಸ್ ಪಕ್ಕದಲ್ಲಿ ನಿಲ್ಲಬೇಕು. ಏಲಕ್ಕಿ ಸಾಕಾದರೆ ಒಂದು ಸಲ ಕೆಮ್ಮಬೇಕು. ತಳ ಹಿಡಿವ ವಾಸನೆ ಬಂದರೆ ಎರಡು ಸಲ. ಮನೆಯಲ್ಲಿ ಮೂರು ದಿನ ಅಭ್ಯಾಸ ನಡೆಯಿತು. ಸ್ವಪ್ನಾ ಲ್ಯಾಬಿನಿಂದ ಬರುವಾಗ ಕೆಮ್ಮಿನ ಔಷಧಿ ತಂದುಕೊಟ್ಟಳು. ಆಣೆ ಮಾಡಿದ್ದ ಅಲ್ಮಾಸ್ ಅದನ್ನು ಕುಡಿದಳು, ಪಾಪ.

ದೇವದುರ್ಗದ ಹೊಸ ಮನೆಯ ಹಿತ್ತಲಲ್ಲಿ ಬೆಳಗಿನ ಏಳಕ್ಕೆ ಒಲೆ ಹಚ್ಚಿದರು. ಕಟ್ಟಿಗೆಯ ಒಲೆ, ಅದರ ಮೇಲೆ ದೊಡ್ಡ ತಪೇಲೆ. ಹಾಲು, ಅಕ್ಕಿ ನುಚ್ಚು, ಸಕ್ಕರೆ, ಎರಡು ಬುಟ್ಟಿ ಶಂಖಪುಷ್ಪದ ರಸ. ಹಾಲು ತಿಳಿನೀಲಿಗೆ ತಿರುಗಿದ್ದು ನೋಡಿ ಉಮಾಶ್ರೀ ಚಪ್ಪಾಳೆ ತಟ್ಟಿದಳು. ಸ್ವಪ್ನಾ ದೂರ ನಿಂತು ಫೋನು ಹಿಡಿದಿದ್ದಳು. ಅಲ್ಮಾಸ್ ಒಂದು ಸಲ ಕೆಮ್ಮಿದಳು, ಬಸವಂತಮ್ಮ ಏಲಕ್ಕಿ ನಿಲ್ಲಿಸಿದಳು. ಎಲ್ಲ ಸುಸೂತ್ರ.

ಅಷ್ಟರಲ್ಲಿ ಗಡಿಗೆಪ್ಪ ಬಂದು ಅಲ್ಮಾಸಳಿಗೆ ಮೆಲ್ಲಗೆ, "ತಪ್ಪು ತಿಳೀಬ್ಯಾಡವ್ವ. ಎಡಿ ಆಗೂತನಕ ಒಲಿ ಹತ್ರ ಲಿಂಗ ಕಟ್ಟಿದವರಷ್ಟ ಇರೂದು ನಮ್ಮ ಮನಿ ಪದ್ಧತಿ. ನೀ ಒಳಗ ಫ್ಯಾನಿನ ಕೆಳಗ ಕುಂದ್ರು" ಎಂದರು. ಅಲ್ಮಾಸ್ ಬಸವಂತಮ್ಮನ ಕಡೆ ನೋಡಿದಳು. ಬಸವಂತಮ್ಮ ತಪೇಲೆಯ ಕಡೆ ನೋಡಿದಳು. ಹುಡುಗಿ ತಲೆ ತಗ್ಗಿಸಿ ಒಳಗೆ ಹೋದಳು.

ಒಬ್ಬಳೇ ಆದಳು. ಸೌಟು ಆಡಿಸಿದಳು. ನುಚ್ಚು ದಪ್ಪವಾಗಿ ಗುಳುಗುಳು ಎನ್ನುತ್ತಿತ್ತು. ಆ ಸದ್ದಿನಡಿಯಲ್ಲಿ ಇನ್ನೊಂದು ಸದ್ದು ಇದೆಯೇ? ಸೌಟಿಗೆ ತಳ ಒರಟಾಗಿ ಸಿಕ್ಕಿತೇ? ಹೌದೆನಿಸಿತು, ಇಲ್ಲವೆನಿಸಿತು. ಒಳಗೆ ಇನ್ನೂರು ಮಂದಿ ಕೂತಿದ್ದರು. ಸುಮ್ಮನಿದ್ದರೆ ಈಗಲೂ ಯಾರೂ ಏನೂ ಅನ್ನುವುದಿಲ್ಲ, ಎಲೆ ಖಾಲಿಯಾಗುತ್ತವೆ, ಅವಳು ರಾಯಚೂರಿಗೆ ಹೋಗಿ ಮತ್ತೆ ನಾಲ್ಕು ವರ್ಷ ಅದೇ ಲೆಕ್ಕ ಹಾಕುತ್ತ ಕೂರಬಹುದು. ಥೂ, ಸಾಕಾಯಿತು ಎನಿಸಿತು ಅವಳಿಗೆ. ಉರಿಯುವ ಕೊಳ್ಳಿ ಎರಡನ್ನು ಎಳೆದು ಹೊರಗೆ ಹಾಕಿ, ಸೌಟು ಹಿಡಿದುಕೊಂಡೇ ಕೂಗಿದಳು.

"ಸಾವ್ಕಾರ್ರ! ಆ ಹುಡುಗಿನ್ನ ಕರೀರಿ. ಇಲ್ಲಂದ್ರ ನನ್ನ ಕೈಲಿ ಈ ಅಡಗಿ ಆಗಂಗಿಲ್ಲ. ನನಗ ಮೂಗಿಲ್ಲ."

ಸ್ವಪ್ನಾ ಫೋನು ಕೆಳಗಿಳಿಸಿದಳು.

"ಜ್ವರ ಬಂದಾಗಿಂದ ವಾಸನಿ ಬರಂಗಿಲ್ಲ. ನಿಮ್ಮ ತಾಯಿ ಹೆಸರಿನ ಊಟದಾಗ ಬ್ಯಾಳಿ ಸೀದು ಕರ್ರಗಾಗಿತ್ತು, ಗೊತ್ತಾಗಲಿಲ್ಲ ನನಗ. ಆ ಹುಡುಗಿ ಮೂಗಿಲೇ ನಾ ಇವತ್ತು ಅಡಗಿ ಮಾಡಾಕತ್ತೀನಿ."

ಗಡಿಗೆಪ್ಪ ಒಲೆಯ ಹತ್ತಿರ ಬಂದರು. "ಬ್ಯಾಳಿ ಸೀದದ್ದು ನಮಗ ಗೊತ್ತಿತ್ತು ಅಕ್ಕಾರ" ಎಂದರು. "ಎಲ್ಲಾರಿಗೂ ಗೊತ್ತಿತ್ತು. ನಿಮಗ ನೋವಾಗ್ತದ ಅಂತ ಯಾರೂ ಅನಲಿಲ್ಲ."

ಬಸವಂತಮ್ಮನಿಗೆ ಸಿಟ್ಟು ನೆತ್ತಿಗೇರಿತು. ನಾಚಿಕೆಯಾಗಬೇಕಿತ್ತು, ಸಿಟ್ಟೇ ಬಂತು. "ನಾಕು ವರ್ಷ್ರೀ! ಗೊತ್ತಾಗ್ಯಾದೋ ಇಲ್ಲೋ ಅಂತ ನಾಕು ವರ್ಷ ಒಳಗೊಳಗ ಸುಟ್ಟೀನಿ. ಅವತ್ತ ಒಬ್ಬರು, ಏ ಬಸವಂತವ್ವ, ಸೀದದ ಅಂದಿದ್ದರ, ಅತ್ತು ಅವತ್ತ ಮುಗಸ್ತಿದ್ದೆ. ಬೈಯಬೇಕಿತ್ತು ನೀವು. ನಿಮ್ಮ ಮರ್ಯಾದಿ ನನ್ನ ಮನ್ಯಾಗ ಕೂಡಿಸಿತು!"

ಉಮಾಶ್ರೀ ಮಾವನ ಮುಖವನ್ನೂ ನೋಡದೆ ಒಳಗೆ ಹೋಗಿ ಅಲ್ಮಾಸಳ ಕೈ ಹಿಡಿದು ಕರೆತಂದಳು. ಗಡಿಗೆಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಲ್ಮಾಸ್ ಒಲೆಯ ಹತ್ತಿರ ಬಂದವಳೇ ಕೆಮ್ಮುವುದನ್ನು ಮರೆತು, "ದೊಡ್ಡವ್ವ, ಸೀಯಾಕತ್ತದ!" ಎಂದು ಕಿರುಚಿದಳು.

"ತಳ ಕೆದರಬ್ಯಾಡ್ರಿ! ಇನ್ನೊಂದು ತಪೇಲಿ ತರ್ರಿ, ಮ್ಯಾಲಿಂದಷ್ಟ ಬಗ್ಗಸ್ರಿ!" ಬಸವಂತಮ್ಮನ ದನಿಗೆ ಇಡೀ ಹಿತ್ತಲು ಓಡಾಡಿತು. ಸಾಹುಕಾರರೇ ತಪೇಲೆಯ ಒಂದು ಕಿವಿ ಹಿಡಿದು ಎತ್ತಿದರು. ಮೇಲಿನ ಪಾಯಸ ಉಳಿಯಿತು. ಅಲ್ಮಾಸ್ ಬಗ್ಗಿ ಮೂಸಿ, ಮುಖ ಸಣ್ಣ ಮಾಡಿ, "ಸ್ವಲ್ಪ ಹೊಗಿ ವಾಸನಿ ಉಳದದ" ಎಂದಳು.

ಉಮಾಶ್ರೀ ಸಮಾಧಾನಕ್ಕೆ, "ಇರಲಿ ಬಿಡ್ರಿ ದೊಡ್ಡವ್ವ. ಆಟದಾಗೂ ಗುಡಿಸಲಾಗ ಕಟ್ಟಿಗಿ ಒಲಿ ಮ್ಯಾಲೆ ಮಾಡ್ತಾರ. ಹೊಗಿ ವಾಸನಿ ಇರಬೇಕಾದ್ದ ಅದು. ಹಂಗ ಹೇಳಿದರಾತು" ಎಂದಳು.

ಒಳ್ಳೆಯ ಮಾತು, ಯಾರು ಬೇಕಾದರೂ ನಂಬುವ ಮಾತು. ಬಸವಂತಮ್ಮ ಅವಳ ಗಲ್ಲ ಸವರಿದಳು. "ಬ್ಯಾಡ ಯವ್ವಾ. ಸೀದದ್ದು ಸೀದದ್ದ."

ಎಡೆ ಆಯಿತು. ಪಾಯಸದ ಬಕೆಟ್ಟನ್ನು ಬೇರೆಯವರ ಕೈಗೆ ಕೊಡದೆ ಬಸವಂತಮ್ಮನೇ ಪಂಕ್ತಿಗಿಳಿದಳು. ಪ್ರತಿ ಎಲೆಯ ಮುಂದೆ ಬಗ್ಗಿ, "ತಳ ಹಿಡದದ್ರಿ, ಹೊಗಿ ವಾಸನಿ ಅದ. ಬ್ಯಾಡಂದ್ರ ಬ್ಯಾಡನ್ರಿ" ಎಂದು ಹೇಳಿಯೇ ಬಡಿಸಿದಳು. ಕೆಲವರು ಬೇಡವೆಂದರು. ಬೇಡವೆಂದದ್ದು ಕೇಳಿಸಿಕೊಂಡು ಮುಂದೆ ಹೋದಳು. ಕೊನೆಯ ಎಲೆ ಗಡಿಗೆಪ್ಪನವರದ್ದು. ಅವರು ನೀಲಿ ಪಾಯಸವನ್ನು ಎರಡು ಸಲ ಬಾಯಿಗಿಟ್ಟು, ಚಪ್ಪರಿಸಿ, ಇಡೀ ಪಂಕ್ತಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು.

"ಬಸವಂತವ್ವ, ಸೀದದ. ಸಕ್ಕರಿನೂ ಒಂದು ಕೈ ಜಾಸ್ತಿ ಆಗ್ಯಾದ."

ಬಸವಂತಮ್ಮ ಬಕೆಟ್ಟು ನೆಲಕ್ಕಿಟ್ಟು, ಅಲ್ಲೇ ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗತೊಡಗಿದಳು.

"ಸಕ್ಕರಿದು ಸುಳ್ಳು ಸಾವ್ಕಾರ್ರ" ಎಂದಳು. "ಅಳತಿ ನಂದು ತಪ್ಪಂಗಿಲ್ಲ."